ಎರಡೇ ಗಂಟೆಯಲ್ಲಿ ಇಳಿಯುವ ಟಿಪ್ಲರ್‌ಗಳು

ಗಂಟೆಗಟ್ಟಲೆ ಹಾರಲೆಂದೇ ಸಾಕುವ ಪಾರಿವಾಳದ ತಳಿ ಟಿಪ್ಲರ್. ಮೊದಲು ಏಳೆಂಟು ಗಂಟೆ ಹಾರುತ್ತಿದ್ದ ನಿಮ್ಮ ಟಿಪ್ಲರ್‌ಗಳು ಈಗ ಎರಡೇ ಗಂಟೆಯಲ್ಲಿ ಚಾವಣಿಗೆ ಏಕೆ ಇಳಿಯುತ್ತಿವೆ ಎಂದು ಕೇಳಿದ್ದೀರಿ. ಬಹುಶಃ ನೀವೇ ಬರೆದಿರುವ ದಿನಚರಿ ಕಾರಣ: ಪ್ರತಿದಿನ ಹಾರಾಟ, ಜೊತೆಗೆ ಹೊಟ್ಟೆ ಬಿರಿಯುವಷ್ಟು ಬಟಾಣಿ, ಮೆಕ್ಕೆಜೋಳ. ಹಕ್ಕಿ ದಣಿದಿದೆ, ಮೈಯೂ ಭಾರವಾಗಿದೆ.

ಆದರೆ ಮೊದಲು ರೋಗವಿಲ್ಲವೆಂದು ಖಚಿತಪಡಿಸಿಕೊಳ್ಳಿ. ಕೊಕ್ಕು ಬಿಡಿಸಿ ಬೆಳಕಿನಲ್ಲಿ ಗಂಟಲು ನೋಡಿ. ಗಿಣ್ಣಿನ ಚೂರಿನಂತೆ ಹಳದಿ ಪದರ ಕಂಡರೆ ಅದು ಕ್ಯಾಂಕರ್ ಎಂಬ ಗಂಟಲಿನ ಸೋಂಕು ಇರಬಹುದು. ಅದಿಲ್ಲದಿದ್ದರೂ, ಹಿಕ್ಕೆ ನೀರಾಗಿ ಹಸಿರಾಗಿದ್ದರೆ ಹಾರಾಟ ನಿಲ್ಲಿಸಿ ಪಶುವೈದ್ಯರಿಗೆ ತೋರಿಸಿ. ಅಂದಾಜಿನ ಮೇಲೆ ಔಷಧ ಹಾಕಬೇಡಿ. ಆಮೇಲೆ ರೆಕ್ಕೆ ಬಿಡಿಸಿ ನೋಡಿ. ತುದಿಯ ಉದ್ದ ಗರಿಗಳು ಉದುರಿ, ಹೊಸವು ರಕ್ತ ತುಂಬಿದ ಕೊಳವೆಗಳಂತೆ ಮೂಡುತ್ತಿದ್ದರೆ ಅವು ಬಲಿಯುವವರೆಗೂ ದೀರ್ಘ ಹಾರಾಟ ಬೇಡವೇ ಬೇಡ.

ಎರಡೂ ಸರಿಯಿದ್ದರೆ ಒಂದು ವಾರ ವಿಶ್ರಾಂತಿ ಕೊಟ್ಟು ಬಹುಪಾಲು ಬಾರ್ಲಿಯನ್ನೇ ಹಾಕಿ. ಮೊದಲು ಮೂಗು ಮುರಿಯುತ್ತವೆ, ಮುರಿಯಲಿ. ಹಿಡಿದಾಗ ಎದೆ ಗಟ್ಟಿಯಾಗಿ, ಮೈ ಹಗುರವಾಗಿ ಇರಬೇಕು; ಎದೆಮೂಳೆ ಕತ್ತಿಯಂತೆ ಚುಚ್ಚಿದರೆ ಆಹಾರ ಅತಿಯಾಗಿ ಇಳಿಸಿದ್ದೀರಿ ಎಂದರ್ಥ. ನಂತರ ದಿನ ಬಿಟ್ಟು ದಿನ ಹಾರಿಸಿ. ದೀರ್ಘ ಹಾರಾಟಕ್ಕೆ ಮುಂಚಿನ ಮೂರ್ನಾಲ್ಕು ದಿನ ಮಾತ್ರ ಗೋಧಿ, ನವಣೆ, ಸ್ವಲ್ಪ ಮೆಕ್ಕೆಜೋಳ ಸೇರಿಸುತ್ತಾ ಹೋಗಿ. ನೀರು ಎಂದೂ ತಪ್ಪಿಸಬೇಡಿ.

ಹಾರುತ್ತಿರುವ ಗುಂಪನ್ನು ಕೆಳಗಿಳಿಸಲು ಚಾವಣಿಗೆ ಬಿಡುವ ಬಿಳಿ ಪಾರಿವಾಳಗಳು ಹಾರಾಟದ ವೇಳೆ ಚಾವಣಿಯ ಮೇಲೆ ಕಾಣಿಸುತ್ತಿಲ್ಲ ತಾನೆ? ಕಾಣಿಸುತ್ತಿದ್ದರೆ ಇಷ್ಟೆಲ್ಲ ಮಾಡಿಯೂ ಪ್ರಯೋಜನವಿಲ್ಲ, ಅವುಗಳನ್ನು ಕಣ್ಣಿಗೆ ಬೀಳದಂತೆ ಒಳಗೆ ಹಾಕಿ. ಇಡೀ ಗುಂಪಿನಲ್ಲಿ ಒಂದೇ ಹಕ್ಕಿ ಮೊದಲು ಇಳಿದು ಉಳಿದವನ್ನು ಎಳೆಯುತ್ತಿದ್ದರೆ, ಅದನ್ನು ಬಿಟ್ಟು ಮಿಕ್ಕವನ್ನು ಹಾರಿಸಿ ನೋಡಿ.