ತೊಗಲಿನ ಕೆಲಸ ಶುರು ಮಾಡಲು ಮೊದಲು ಏನೇನು ಕೊಳ್ಳಬೇಕು?

ನೀವು ಕೇಳಿದ್ದು ಇಷ್ಟು: ಮನೆಯಲ್ಲೇ ಕೂತು ತೊಗಲಿನ ಪರ್ಸು, ಬೆಲ್ಟು ಮಾಡುವುದನ್ನು ಕಲಿಯಬೇಕು, ಕೈಯಲ್ಲಿ 5000 ರೂಪಾಯಿ ಇದೆ, ಆನ್‌ಲೈನಿನಲ್ಲಿ 60 ಸಾಮಾನಿನ ಕಿಟ್ ಒಂದು ಕಾಣಿಸುತ್ತಿದೆ, ಕೊಳ್ಳಲಾ?

ಬೇಡ. ಅಂಥದೇ ಒಂದು ಕಿಟ್ಟನ್ನು ಎಂಟು ವರ್ಷದ ಹಿಂದೆ ನಾನೂ ತರಿಸಿದ್ದೆ. ಅದರಲ್ಲಿ ಇವತ್ತಿಗೂ ನನ್ನ ಮೇಜಿನ ಮೇಲಿರುವುದು ಎರಡೇ: ಗೆರೆ ಎಳೆಯುವ ಡಿವೈಡರ್, ಅಂಚು ಉಜ್ಜುವ ಮರದ ಕಡ್ಡಿ. ಉಳಿದಿದ್ದೆಲ್ಲ ಸುಮ್ನೆ ಎಣಿಕೆಗೆ. ಇಪ್ಪತ್ತು ಅಚ್ಚುಗಳು, ನಾಲ್ಕು ಬಣ್ಣದ ದಾರ, ಬೆರಳಿಗೆ ಹಾಕುವ ಟೋಪಿಗಳು. ತೂತು ಹಾಕುವ ಉಳಿಯ ಹಲ್ಲುಗಳು ಎಷ್ಟು ಒರಟಾಗಿದ್ದವೆಂದರೆ, ಒಮ್ಮೆ ಹೊಡೆದರೆ ತೊಗಲಲ್ಲೇ ಕಚ್ಚಿಕೊಂಡು ಬಿಡುತ್ತಿದ್ದವು. ಎಳೆದರೆ ತೊಗಲೂ ಜೊತೆಗೇ ಮೇಲೆ ಬರುತ್ತಿತ್ತು. ನನಗೆ ಈ ಕೆಲಸ ಬರುವುದಿಲ್ಲ ಎಂದು ಎರಡು ತಿಂಗಳು ಸುಮ್ಮನಿದ್ದೆ. ತಪ್ಪು ಕೈಯದಾಗಿರಲಿಲ್ಲ. ನಿಮಗೆ ಹಾಗಾಗಬಾರದು ಅಂತಲೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನಿಮ್ಮ 5000ದಲ್ಲಿ ಅರ್ಧ ದುಡ್ಡನ್ನು ತೊಗಲಿಗೇ ತೆಗೆದಿಡಿ. ಕೆಟ್ಟ ತೊಗಲಿನ ಮೇಲೆ ಎಷ್ಟು ಚೆನ್ನಾಗಿ ಕೆಲಸ ಮಾಡಿದರೂ ಅದು ಕಾಣುವುದಿಲ್ಲ, ಕಲಿಕೆಯೂ ಆಗುವುದಿಲ್ಲ.

ಅಂಗಡಿಯಲ್ಲಿ ಎರಡು ಮಾತು ಕೇಳುತ್ತೀರಿ: ಕ್ರೋಮ್ ಮತ್ತು ವೆಜ್ ಟ್ಯಾನ್. ಕ್ರೋಮ್ ಎಂದರೆ ಕ್ರೋಮಿಯಂ ಉಪ್ಪಿನಲ್ಲಿ ಹದ ಮಾಡಿದ್ದು. ಮೆತ್ತಗಿರುತ್ತದೆ, ಬಣ್ಣ ಬಣ್ಣದ್ದು ಸಿಗುತ್ತದೆ, ಪೇಟೆಯಲ್ಲಿ ಸಿಗುವ ಬಹುಪಾಲು ಬ್ಯಾಗು, ಜಾಕೆಟ್ಟು ಇದರದ್ದೇ. ವೆಜ್ ಟ್ಯಾನ್ ಎಂದರೆ ಮರದ ತೊಗಟೆ, ಕಾಯಿಗಳ ರಸದಲ್ಲಿ ಹದ ಮಾಡಿದ್ದು. ಮುಟ್ಟಿದರೆ ಗಟ್ಟಿ, ಬಣ್ಣ ತಿಳಿ ಕಂದು. ಕಲಿಯುವವರಿಗೆ ಇದೇ ಸರಿ. ಇದರ ಅಂಚನ್ನು ಉಜ್ಜಿದರೆ ಗಾಜಿನ ಹಾಗೆ ಹೊಳಪು ಬರುತ್ತದೆ, ಒದ್ದೆ ಮಾಡಿ ಬಗ್ಗಿಸಿದರೆ ಆ ಆಕಾರ ನಿಲ್ಲುತ್ತದೆ, ಹಾಕಿದ ಗೆರೆ ಗೆರೆಯಾಗಿಯೇ ಉಳಿಯುತ್ತದೆ. ಕ್ರೋಮ್ ತೊಗಲಿನ ಅಂಚನ್ನು ಎಷ್ಟು ಉಜ್ಜಿದರೂ ನಾರು ನಾರಾಗಿ ಎದ್ದು ಬರುತ್ತದೆ.

ವೆಜ್ ಟ್ಯಾನ್ ಅಂದರೆ ಇಟಲಿಯದ್ದೇ ಆಗಬೇಕು ಎಂದು ಎಷ್ಟೋ ಜನ ತಿಳಿದಿದ್ದಾರೆ. ಪಕ್ಕದ ತಮಿಳುನಾಡಿನ ದಿಂಡಿಗಲ್, ತಿರುಚಿ, ಈರೋಡು ಕಡೆ ಈ ಕೆಲಸ ತಲೆತಲಾಂತರದಿಂದ ನಡೆದಿದೆ. ಅದಕ್ಕೆ ಈಸ್ಟ್ ಇಂಡಿಯಾ ಲೆದರ್ ಎಂದು ಹೆಸರು, ಜಿಐ ಟ್ಯಾಗ್, ಅಂದರೆ ಇದು ಈ ಸೀಮೆಯದ್ದೇ ಎಂಬ ಸರ್ಕಾರಿ ಗುರುತು, ಕೂಡ ಇದೆ. ಮೊದಲು ಅದನ್ನು ಹದ ಮಾಡುತ್ತಿದ್ದದ್ದು ಯಾವುದರಿಂದ ಗೊತ್ತಾ? ನಮ್ಮ ಬಯಲುಸೀಮೆಯ ರಸ್ತೆಬದಿಯಲ್ಲಿ ಹಳದಿ ಹೂ ಬಿಟ್ಟುಕೊಂಡು ನಿಂತಿರುತ್ತದಲ್ಲ ತಂಗಡಿ ಗಿಡ, ಅದರ ತೊಗಟೆಯಿಂದ. ಕೊನೆಗೆ ಅಳಲೆಕಾಯಿ ನೀರಿನಲ್ಲಿ ಅದ್ದಿ ತೆಗೆಯುತ್ತಿದ್ದರು. ಚೆನ್ನೈ ಕಡೆ ಹೋಗುವ ಕೆಲಸವಿದ್ದರೆ ಸೆಂಟ್ರಲ್ ಸ್ಟೇಷನ್ ಹತ್ತಿರದ ಪೆರಿಯಮೇಟ್‌ಗೆ ಒಂದು ಸುತ್ತು ಹಾಕಿ ಬನ್ನಿ. ಬೀದಿಗೆ ಬೀದಿಯೇ ತೊಗಲಿನ ಅಂಗಡಿಗಳು. ಕೈಯಿಂದ ಮುಟ್ಟಿ, ಮೂಸಿ ನೋಡಿ ಕೊಳ್ಳಬಹುದು.

ಫೋಟೋ ನೋಡಿ ಕೊಳ್ಳುವುದಾದರೆ ಜೋಪಾನ. ನಾನು ಮೊದಲ ಸಲ ‘ಅಸಲಿ ಲೆದರ್’ ಎಂದು ತರಿಸಿದ್ದು ತೊಗಲಿನ ಪುಡಿಯನ್ನು ಅಂಟಿನಲ್ಲಿ ಕಲಸಿ ಹಾಳೆ ಮಾಡಿ, ಮೇಲೆ ಪ್ಲಾಸ್ಟಿಕ್ ಬಳಿದದ್ದು. ಮೂರನೇ ತಿಂಗಳಿಗೆ ಮಡಿಕೆಯಲ್ಲಿ ಹಪ್ಪಳದ ಹಾಗೆ ಎದ್ದಿತು. ಈಗ ನಾನು ಕೊಳ್ಳುವ ಮೊದಲು ಕತ್ತರಿಸಿದ ಅಂಚಿನ ಫೋಟೋ, ಹಿಂಬದಿಯ ಫೋಟೋ ಎರಡನ್ನೂ ಕೇಳುತ್ತೇನೆ. ನಿಜವಾದ ತೊಗಲಿನ ಹಿಂಬದಿಯಲ್ಲಿ ನಾರು ಕಾಣಬೇಕು, ಬಟ್ಟೆ ಕಾಣಬಾರದು. ಅಂಚಿನ ನಡುವೆ ಬೂದಿ ನೀಲಿ ಬಣ್ಣ ಕಂಡರೆ ಅದು ಕ್ರೋಮ್. ಬಣ್ಣ ಹಾಕದ ವೆಜ್ ಟ್ಯಾನ್ ಮೇಲೆ ಒಂದು ಹನಿ ನೀರು ಬಿಟ್ಟರೆ ಸ್ವಲ್ಪ ಹೊತ್ತಿಗೆ ಹೀರಿಕೊಂಡು ಅಲ್ಲಿ ಬಣ್ಣ ಗಾಢವಾಗುತ್ತದೆ.

ದಪ್ಪವನ್ನು ಮಿಲಿಮೀಟರಿನಲ್ಲಿ ಕೇಳಿ. ಕಾರ್ಡ್ ಹೋಲ್ಡರಿಗೆ, ಪರ್ಸಿಗೆ 1ರಿಂದ 1.5 ಮಿ.ಮೀ. ಬೆಲ್ಟಿಗೆ 3ರಿಂದ 4. ಬೆಲ್ಟಿನ ತೊಗಲು ಬೆನ್ನಿನ ಭಾಗದ್ದೇ ಇರಬೇಕು, ಬೆನ್ನೆಲುಬಿನ ಉದ್ದಕ್ಕೇ ಕತ್ತರಿಸಬೇಕು. ಹೊಟ್ಟೆಯ ಭಾಗ ಅಗ್ಗಕ್ಕೆ ಸಿಗುತ್ತದೆ, ಆದರೆ ಎಳೆದಷ್ಟೂ ಹಿಗ್ಗುತ್ತದೆ. ಅಭ್ಯಾಸಕ್ಕೆ ಪರವಾಗಿಲ್ಲ, ಬೆಲ್ಟಿಗೆ ಖಂಡಿತ ಬೇಡ. ಮೊದಲ ಸಲಕ್ಕೆ 1.2 ಮಿ.ಮೀ. ದಪ್ಪದ್ದು ಎರಡು ಚದರಡಿ ತನ್ನಿ, ಸಾಕು.

ಇನ್ನು ಕತ್ತಿ. ಇದರ ಬಗ್ಗೆ ನಾನು ಜಾಸ್ತಿ ಹೇಳಬೇಕು.

ಕಿಟ್ಟಿನಲ್ಲಿ ಬಂದ ಕತ್ತಿಯಲ್ಲೇ ನಾನು ಮೊದಲ ಬೆಲ್ಟ್ ಕತ್ತರಿಸಲು ಹೋದೆ. ಮೈಭಾರವೆಲ್ಲ ಬಿಟ್ಟು ಒತ್ತುತ್ತಿದ್ದೆ. ಕತ್ತಿ ಜಾರಿ ಎಡಗೈ ಹೆಬ್ಬೆರಳಿಗೆ ಬಿತ್ತು. ಮೂರು ಹೊಲಿಗೆ. ಆಗ ನಾನು ಧಾರವಾಡದಲ್ಲಿದ್ದೆ. ನಮ್ಮ ಓಣಿಯ ತುದಿಯಲ್ಲಿ ಅಥಣಿ ಕಡೆಯ ಒಬ್ಬ ಅಜ್ಜ ಚಪ್ಪಲಿ ಹೊಲಿಯುತ್ತ ಕೂಡುತ್ತಿದ್ದರು. ಪಟ್ಟಿ ಕಟ್ಟಿದ ಕೈ ನೋಡಿ ಏನಾಯಿತೆಂದು ಕೇಳಿದರು. ಕತ್ತಿ ತಂದು ತೋರಿಸಿದೆ. ತಮ್ಮ ಹೆಬ್ಬೆರಳ ಉಗುರಿನ ಮೇಲೆ ಅದನ್ನು ಮೆಲ್ಲಗೆ ಇಟ್ಟರು. ಅದು ಜಾರಿತು.

“ಯವ್ವಾ, ಇದಕ್ಕ ಬಾಯೇ ಇಲ್ಲಲ್ಲ. ಬಾಯಿ ಇಲ್ದ ಕತ್ತೀನ ಕೈ ಕೊಯ್ಯೂದು.”

ಆಮೇಲೆ ತಮ್ಮ ರಂಪಿಗೆ ತೆಗೆದರು. ಅಗಲ ಅಲಗಿನ, ಗಿಡ್ಡ ಹಿಡಿಕೆಯ ಕತ್ತಿ. ಮಸೆಕಲ್ಲಿನ ಮೇಲೆ ನೀರು ಚಿಮುಕಿಸಿ ಹತ್ತು ಸಲ ಆ ಕಡೆ, ಹತ್ತು ಸಲ ಈ ಕಡೆ. ಕೊನೆಗೆ ಹಳೆಯ ಅಟ್ಟೆಯ ಚೂರಿನ ಮೇಲೆ ನಾಲ್ಕು ಸಲ ಹಿಂದಕ್ಕೆ ಎಳೆದರು. ಎಮ್ಮೆ ತೊಗಲಿನ ದಪ್ಪ ತುಂಡನ್ನು ಕಲ್ಲಿನ ಮೇಲಿಟ್ಟು ಒಂದೇ ಒಂದು ಸಲ ತಳ್ಳಿದರು. ಹರಿದ ಸದ್ದಿಲ್ಲ, ಬರೀ ‘ಸ್ಸ್’ ಎಂದಿತು. ತುಂಡಾದ ಅಂಚು ಬೆಣ್ಣೆ ಕೊಯ್ದ ಹಾಗೆ ನುಣ್ಣಗಿತ್ತು. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಜಿಐ ಟ್ಯಾಗ್ ಸಿಕ್ಕಿತಲ್ಲ, ಅದರಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಕೂಡ ಇವೆ. ಆ ಚಪ್ಪಲಿಗಳ ಹಿಂದೆ ಇರುವುದು ಇಂಥ ಕೈಗಳು. ಮಾದಾರ ಚೆನ್ನಯ್ಯನವರ ವಚನಗಳ ಅಂಕಿತದಲ್ಲೇ ಕೈಯುಳಿ, ಕತ್ತಿ, ಅಡಿಗೂಂಟ ಇವೆ. ಓದುವಾಗಲೆಲ್ಲ ನನಗೆ ಆ ಅಜ್ಜನ ಗೋಣಿತಾಟಿನ ಮೇಲಿದ್ದ ನಾಲ್ಕೈದು ಸಾಮಾನು ನೆನಪಾಗುತ್ತವೆ.

ನೀವು ಮೊದಲಿಗೆ ರಂಪಿಗೆ ಕೊಳ್ಳಬೇಕಿಲ್ಲ, ಅದನ್ನು ಮಸೆಯುವುದೇ ಒಂದು ಕಲಿಕೆ. ಸ್ಟೇಷನರಿ ಅಂಗಡಿಯಲ್ಲಿ ಸಿಗುವ, ಮುರಿಯುತ್ತ ಹೋಗುವ ಬ್ಲೇಡಿನ 18 ಮಿ.ಮೀ. ಕಟರ್ ಸಾಕು. ಗಟ್ಟಿಮುಟ್ಟಾದದ್ದು ತಗೊಳ್ಳಿ, ಬ್ಲೇಡಿನ ಪ್ಯಾಕೆಟ್ ಎರಡು ತಗೊಳ್ಳಿ. ಕತ್ತರಿಸುವಾಗ ಒತ್ತಬೇಕು ಅನಿಸಿದ ತಕ್ಷಣ ತುದಿ ಮುರಿದು ಹೊಸ ಬಾಯಿಗೆ ಹೋಗಿ. ಒಂದೇ ಏಟಿಗೆ ಕತ್ತರಿಸಬೇಡಿ, ಹಗುರವಾಗಿ ಮೂರು ಸಲ ಎಳೆಯಿರಿ. ಕತ್ತಿ ಹೋಗುವ ದಾರಿಯಲ್ಲಿ ಇನ್ನೊಂದು ಕೈ ಇರಲೇಬಾರದು. ಸ್ಟೀಲ್ ಸ್ಕೇಲಿನ ಅಡಿಗೆ ಬಟ್ಟೆಯ ಟೇಪ್ ಅಂಟಿಸಿದರೆ ಜಾರುವುದಿಲ್ಲ.

ತೂತು ಹಾಕುವ ಉಳಿಗೆ ಮಾತ್ರ ಜಿಪುಣತನ ಮಾಡಬೇಡಿ. ಫೋರ್ಕಿನ ಹಾಗೆ ಹಲ್ಲುಗಳಿರುತ್ತವೆ. ಹಲ್ಲಿನಿಂದ ಹಲ್ಲಿಗೆ 4 ಮಿ.ಮೀ. ಇರುವ ಎರಡು ಉಳಿ ಬೇಕು: ನೇರ ಗೆರೆಗೆ ನಾಲ್ಕು ಅಥವಾ ಆರು ಹಲ್ಲಿನದು, ಮೂಲೆ ಮತ್ತು ತಿರುವಿಗೆ ಎರಡು ಹಲ್ಲಿನದು. ಹಲ್ಲುಗಳು ಪಾಲಿಶ್ ಆಗಿರಬೇಕು. ಸುತ್ತಿಗೆಯಿಂದ ಹೊಡೆದರೆ ಉಳಿಯ ತಲೆ ಹಾಳಾಗುತ್ತದೆ, ಮರದ ಕೊಡತಿ ಬಳಸಿ. ನಮ್ಮ ಊರಿನ ಬಡಗಿ ಬಾಗಿಲು ಮಾಡಿ ಉಳಿದ ಮರದಲ್ಲಿ ಮಾಡಿಕೊಟ್ಟದ್ದೇ ನನ್ನ ಕೊಡತಿ. ಅಡಿಗೆ ಗ್ರಾನೈಟ್ ತುಂಡು ಬೇಕು. ಅಡುಗೆಮನೆ ಕಟ್ಟೆ ಕೂರಿಸುವವರ ಹತ್ತಿರ ಕೇಳಿ, ಒಂದಡಿ ಚೂರನ್ನು ಸುಮ್ನೆ ಕೊಟ್ಟು ಕಳಿಸುತ್ತಾರೆ. ಅದರ ಮೇಲೆ ಹಳೆಯ ಪ್ಲಾಸ್ಟಿಕ್ ತರಕಾರಿ ಮಣೆ ಇಟ್ಟುಕೊಂಡು ಹೊಡೆಯಿರಿ, ಇಲ್ಲದಿದ್ದರೆ ಉಳಿಯ ಮೊನೆ ಕಲ್ಲಿಗೆ ಬಡಿದು ಮುರಿಯುತ್ತದೆ. ರಾತ್ರಿ ಹೊತ್ತು ಬೇಡ, ಕೆಳಮನೆಯವರು ಮೇಲೆ ಬರುತ್ತಾರೆ.

ದಾರ ಮೇಣ ಹಚ್ಚಿದ ಪಾಲಿಯೆಸ್ಟರ್ ಇರಲಿ, 0.6 ಅಥವಾ 0.8 ಮಿ.ಮೀ. ಹತ್ತಿ ದಾರ ಬೇಡ, ಬೆವರಿಗೆ ಕೊಳೆಯುತ್ತದೆ. ಸೂಜಿ ಎರಡು, ಎರಡೂ ಮೊಂಡು. ತೂತು ಉಳಿಯೇ ಹಾಕಿರುತ್ತದೆ, ಸೂಜಿಯ ಕೆಲಸ ದಾರ ದಾಟಿಸುವುದಷ್ಟೇ. ಚೂಪು ಸೂಜಿ ಹಿಂದಿನ ದಾರವನ್ನೇ ಚುಚ್ಚಿಬಿಡುತ್ತದೆ. ಮನೆಯಲ್ಲಿರುವ ದಪ್ಪ ಸೂಜಿಯ ಮೊನೆಯನ್ನು ಕಲ್ಲಿಗೆ ಉಜ್ಜಿ ಮೊಂಡು ಮಾಡಿಕೊಂಡರೂ ಆಯಿತು.

ಹೊಲಿಗೆ ಹೇಗೆಂದರೆ, ಒಂದೇ ದಾರ, ಎರಡು ತುದಿಗೆ ಎರಡು ಸೂಜಿ. ಪ್ರತಿ ತೂತಿನಲ್ಲೂ ಎರಡು ಸೂಜಿಗಳು ಎದುರುಬದುರಾಗಿ ದಾಟುತ್ತವೆ. ಇದಕ್ಕೆ ಸ್ಯಾಡಲ್ ಸ್ಟಿಚ್ ಎನ್ನುತ್ತಾರೆ. ಮಷೀನ್ ಹೊಲಿಗೆಯಲ್ಲಿ ಒಂದು ಕಡೆ ಹರಿದರೆ ಸಾಲಾಗಿ ಬಿಚ್ಚಿಕೊಳ್ಳುತ್ತ ಹೋಗುತ್ತದೆ. ಇದರಲ್ಲಿ ಒಂದು ಎಳೆ ಹರಿದರೂ ಇನ್ನೊಂದು ಹಿಡಿದುಕೊಂಡಿರುತ್ತದೆ. ಬಲಗೈ ಸೂಜಿ ಮೊದಲು ಎಂದು ಶುರು ಮಾಡಿದರೆ ಕೊನೆಯ ತೂತಿನವರೆಗೂ ಬಲಗೈಯೇ ಮೊದಲು. ನಡುವೆ ಅದಲುಬದಲಾದರೆ ಹೊಲಿಗೆಯ ಓರೆ ಕೆಡುತ್ತದೆ, ದೂರದಿಂದಲೇ ಕಾಣುತ್ತದೆ.

ಅಂಟಿಗೆ ಹಾರ್ಡ್‌ವೇರ್ ಅಂಗಡಿಯ ಫೆವಿಕಾಲ್ ಎಸ್‌ಆರ್ 998 ಸಾಕು. ಎರಡೂ ಕಡೆ ತೆಳ್ಳಗೆ ಹಚ್ಚಿ, ಬೆರಳಿಗೆ ಅಂಟದಷ್ಟು ಆರಿದ ಮೇಲೆ ಒತ್ತಿ. ಕಿಟಕಿ ತೆರೆದಿಡಿ, ಅದರ ವಾಸನೆ ಒಳ್ಳೆಯದಲ್ಲ.

ಅಂಚಿಗೆ 220, 400, 600 ನಂಬರಿನ ಉಪ್ಪು ಕಾಗದ, ಒಂದು ಚೂರು ಹಳೆಯ ಜೀನ್ಸ್ ಬಟ್ಟೆ, ಒಂದು ಉಂಡೆ ಜೇನುಮೇಣ. ಕ್ರಮವಾಗಿ ಉಜ್ಜಿ, ಬೆರಳು ಒದ್ದೆ ಮಾಡಿ ಅಂಚಿಗೆ ಸವರಿ, ಬಟ್ಟೆಯಿಂದ ಬಿರುಸಾಗಿ ತಿಕ್ಕಿ. ಬಿಸಿ ಹತ್ತಿದ ಹಾಗೆ ಬಣ್ಣ ಗಾಢವಾಗುತ್ತ ಎರಡು ಪದರ ಒಂದಾಗಿ ಕೂಡುತ್ತದೆ. ಆಮೇಲೆ ಮೇಣ. ನನಗೆ ಈ ಇಡೀ ಕೆಲಸದಲ್ಲಿ ಅತಿ ಇಷ್ಟವಾದ ಐದು ನಿಮಿಷ ಇದು.

ಒಂದು ಎಚ್ಚರ. ಒದ್ದೆ ವೆಜ್ ಟ್ಯಾನ್ ಮೇಲೆ ಕಬ್ಬಿಣದ ಸಾಮಾನು ಇಡಬೇಡಿ. ತೊಗಲಿನಲ್ಲಿರುವ ತೊಗಟೆಯ ಒಗರು ಕಬ್ಬಿಣದ ಜೊತೆ ಸೇರಿ ಕಡುಕಪ್ಪು ಕಲೆ ಮಾಡುತ್ತದೆ, ಮತ್ತೆ ಹೋಗುವುದಿಲ್ಲ. ನನ್ನ ಒಂದು ಚೀಲದ ಮುಚ್ಚಳದ ಮೇಲೆ ಪಿನ್ನಿನ ಗುರುತು ಈಗಲೂ ಇದೆ. ಅಳಲೆಕಾಯಿ ಕಷಾಯಕ್ಕೆ ಕಬ್ಬಿಣ ಸೇರಿಸಿ ಹಳಬರು ಮಸಿ ಮಾಡುತ್ತಿದ್ದದ್ದೂ ಇದೇ ಗುಣದಿಂದ.

ಮಳೆಗಾಲದಲ್ಲಿ, ಅದರಲ್ಲೂ ಮಲೆನಾಡು, ಕರಾವಳಿಯವರಾದರೆ, ತೊಗಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಇಡಬೇಡಿ. ವಾರದಲ್ಲಿ ಬೂಷ್ಟು ಬರುತ್ತದೆ. ಹಳೆಯ ಹತ್ತಿ ಸೀರೆಯಲ್ಲಿ ಸುತ್ತಿ, ಗಾಳಿಯಾಡುವ ಕಡೆ ಇಡಿ.

ಬಣ್ಣ, ಅಚ್ಚು, ಅಂಚು ಕೆತ್ತುವ ಉಳಿ, ತೊಗಲು ತೆಳ್ಳಗೆ ಮಾಡುವ ಕತ್ತಿ, ಇವೆಲ್ಲ ಈಗ ಬೇಡ. ಮೂರನೇ ವಸ್ತು ಮಾಡುವ ಹೊತ್ತಿಗೆ ನಿಮಗೆ ಏನು ಬೇಕೆಂದು ಕೈಯೇ ಹೇಳುತ್ತದೆ. ಸಾಮಾನು ಎಲ್ಲಿ ಸಿಗುತ್ತದೆ ಎಂದು ನಿಮ್ಮೂರಿನ ಚಪ್ಪಲಿ ಹೊಲಿಯುವವರನ್ನೇ ಕೇಳಿ. ದಾರ, ಮೇಣ, ಆರಿ (ತೊಗಲು ಚುಚ್ಚುವ ಹಿಡಿಕೆಯ ಮೊನೆ), ಅಂಟು ಅವರು ಕೊಳ್ಳುವ ಅಂಗಡಿ ಪ್ರತಿ ಊರಿನಲ್ಲೂ ಇರುತ್ತದೆ. ಹೋಗುವಾಗ ಕೆಡಿಸಿದ ಒಂದು ತುಂಡು ಕೈಯಲ್ಲಿರಲಿ, ಮಾತು ತಾನಾಗಿ ಬೆಳೆಯುತ್ತದೆ.

ಬೆಲ್ಟು ಆಮೇಲೆ. ಮೊದಲು ಒಂದು ಕಾರ್ಡ್ ಹೋಲ್ಡರ್ ಮಾಡಿ. 100 ಮಿ.ಮೀ. ಅಗಲ, 52 ಮಿ.ಮೀ. ಎತ್ತರದ ಎರಡು ತುಂಡು. ಮೇಲಿನ ಅಂಚನ್ನು ಮೊದಲೇ ಉಜ್ಜಿ ಮುಗಿಸಿ, ಹೊಲಿದ ಮೇಲೆ ಅಲ್ಲಿ ಕೈ ಹೋಗುವುದಿಲ್ಲ. ಉಳಿದ ಮೂರು ಅಂಚಿಗೆ ಸಣ್ಣಗೆ ಅಂಟು, ಅಂಚಿನಿಂದ 3 ಮಿ.ಮೀ. ಒಳಗೆ ಗೆರೆ, ಗೆರೆಯ ಮೇಲೆ ತೂತು. ಸುಮಾರು ಐವತ್ತು ತೂತು ಆಗುತ್ತವೆ. ದಾರ ಒಂದು ಮೀಟರ್ ತಗೊಳ್ಳಿ, ಹೊಲಿಗೆಯ ಉದ್ದದ ನಾಲ್ಕು ಪಟ್ಟು ಬೇಕಾಗುತ್ತದೆ. ಬ್ಯಾಂಕ್ ಕಾರ್ಡಿನ ಎತ್ತರ 54 ಮಿ.ಮೀ. ಇರುವುದರಿಂದ ತುದಿ ಒಂಚೂರು ಹೊರಗೆ ಇಣುಕುತ್ತದೆ, ಬೆರಳಲ್ಲಿ ಎಳೆಯಲು ಸುಲಭ. ಒಂದು ಚದರಡಿಯಲ್ಲಿ ಲೆಕ್ಕಕ್ಕೆ ಇಂಥ ಏಳು ಆಗುತ್ತವೆ. ಏಳನ್ನೂ ಮಾಡಿ. ಮೊದಲನೆಯದನ್ನು ಎಸೆಯಬೇಡಿ, ಏಳನೆಯದರ ಪಕ್ಕ ಇಟ್ಟು ನೋಡಲು ಬೇಕಾಗುತ್ತದೆ.

ಮಾಡಿದ ಮೇಲೆ ಫೋಟೋ ಹಾಕಿ. ಮುಂಬದಿಯದ್ದಲ್ಲ, ಹೊಲಿಗೆಯ ಹಿಂಬದಿಯದ್ದು. ಎಲ್ಲಿ ತಪ್ಪಿದೆ ಅಂತ ಅದನ್ನು ನೋಡಿದರೆ ನನಗೆ ಹೇಳಲು ಬರುತ್ತದೆ.