ಓದುಗರು ಕೇಳಿದ್ದು: ಎಲ್ಲಾ ಸ್ಟ್ರಿಪ್‌ನಲ್ಲೇ ಸಿಗುವಾಗ ಅರೆಯೋದು ಯಾಕೆ?

ಪ್ರಶ್ನೆ: ಬಿ.ಫಾರ್ಮ ಮೊದಲ ವರ್ಷದಲ್ಲಿದ್ದೇನೆ. ಅಂಗಡಿಯಲ್ಲಿ ಔಷಧಿಯೆಲ್ಲ ಸಿದ್ಧವಾಗಿಯೇ ಬರುತ್ತದೆ. ಆದರೂ ಲ್ಯಾಬಿನಲ್ಲಿ ಎಮಲ್ಷನ್ (ಎಣ್ಣೆ, ನೀರು ಬೆರೆಸಿದ ಔಷಧಿ), ಮಿಕ್ಸ್ಚರ್ ಅಂತ ಅರೆಸುತ್ತಾರೆ. ಮೇಲೆ ರೆಕಾರ್ಡ್ ಬೇರೆ. ಇದೆಲ್ಲ ಯಾಕೆ ಸಾರ್?
– ವಿದ್ಯಾರ್ಥಿನಿ, ವಿಜಯನಗರ

ಉತ್ತರ: ರೆಕಾರ್ಡ್ ವಿಷಯದಲ್ಲಿ ನನ್ನ ವೋಟು ನಿಮಗೇ. ಅರೆಯೋದು ಮಾತ್ರ ಬೇಕಮ್ಮ.

ಮನೆಯಲ್ಲಿ ಅಜ್ಜಿ ಇದ್ದರೆ ಕೇಳಿ. ಡಾಕ್ಟರ್ ಷಾಪಿಗೆ ಖಾಲಿ ಬಾಟಲಿ ಹಿಡಿದೇ ಹೋಗಬೇಕಿತ್ತು, ಕಾಂಪೌಂಡರ್ ಅದಕ್ಕೆ ಮಿಕ್ಸ್ಚರ್ ತುಂಬಿ, ಕಾಗದದ ಪಟ್ಟಿಯನ್ನು ಕಚ್ಚು ಕಚ್ಚಾಗಿ ಕತ್ತರಿಸಿ ಅಂಟಿಸಿ ಕೊಡುತ್ತಿದ್ದರು. ಒಂದು ಕಚ್ಚು, ಒಂದು ಡೋಸು. ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲಿ 1870ರ ಹೊತ್ತಿಗೇ ಇವರಿಗೆ ತರಬೇತಿ ಇತ್ತು, ಆದರೆ ನೋಡಿ ಕಲಿತವರೂ ಬೇಕಾದಷ್ಟು ಇದ್ದರು. ಕಳಪೆ ಔಷಧಿಯ ಗಲಾಟೆ ಜಾಸ್ತಿಯಾಗಿ 1930ರಲ್ಲಿ ಚೋಪ್ರಾ ಸಮಿತಿ ಬಂತು. 1932ರಲ್ಲಿ ಮಹಾದೇವ ಲಾಲ್ ಶ್ರಾಫ್ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಫಾರ್ಮಸಿ ಪಾಠ ಶುರುಮಾಡಿದರು. ಫಾರ್ಮಸಿ ಕಾಯ್ದೆ ಬಂದದ್ದು 1948ರಲ್ಲಿ, ನಮ್ಮ ಬೆಂಗಳೂರಿನ ಸರ್ಕಾರಿ ಫಾರ್ಮಸಿ ಕಾಲೇಜು 1964ರಲ್ಲಿ.

ಅರೆಯೋ ಕೆಲಸ ಈಗ ಫ್ಯಾಕ್ಟರಿಗೆ ಹೋಗಿದೆ, ನಿಜ. ಆದರೆ ಎಮಲ್ಷನ್‌ಗೆ 4:2:1 ಲೆಕ್ಕದಲ್ಲಿ ಎಣ್ಣೆ, ನೀರು, ಗೋಂದು ಹಾಕಿ, ಚಟಚಟ ಸದ್ದು ಬರೋವರೆಗೂ ಒಂದೇ ದಿಕ್ಕಿಗೆ ತಿರುವಿದವರಿಗೆ ಔಷಧಿ ಯಾಕೆ ಒಡೆಯುತ್ತೆ ಅಂತ ಗೊತ್ತಿರುತ್ತದೆ (ಅರೆಯೋ ಕಲ್ಲು ಒದ್ದೆ ಇದ್ದರೆ ಕೆಟ್ಟಿತು ಅಂತಲೇ ತಿಳಿಯಿರಿ). ಸಸ್ಪೆನ್ಷನ್ (ಪುಡಿ ಕರಗದೆ ತೇಲುವ ಔಷಧಿ) ಬಾಟಲಿ ಅಲ್ಲಾಡಿಸದೆ ಕುಡಿಸಿದರೆ ಮಗುವಿಗೆ ಮೊದಮೊದಲು ತೆಳ್ಳಗಿನ ಡೋಸು, ಕೊನೆಗೆ ತಳದಲ್ಲಿ ಕೂತದ್ದೆಲ್ಲ ಒಟ್ಟಿಗೆ. ಲೇಬಲ್ ಮೇಲೆ ಬರೆದಿರುತ್ತೆ, ಓದೋರು ಯಾರು? ಕೌಂಟರಿನಲ್ಲಿ ನಿಂತು ಅದನ್ನ ಹೇಳಬೇಕಾದವರು ನೀವೇ ಅಲ್ವಾ?

ಪ್ರಶ್ನೆ: ಡಿ.ಫಾರ್ಮ ಮುಗಿಯುತ್ತಿದೆ. ಮೆಡಿಕಲ್ ಷಾಪಿನವರು ಸರ್ಟಿಫಿಕೇಟ್ ಕೊಡು, ತಿಂಗಳಿಗೆ ಇಷ್ಟು ಅಂತ ಕೊಡ್ತೀವಿ, ಸುಮ್ನೆ ಮನೇಲಿರು ಅಂತಾರೆ. ಕೊಡಬಹುದಾ?
– ಓದುಗ, ಯಲಹಂಕ

ಉತ್ತರ: ಬೇಡ. ಚೀಟಿಯ ಔಷಧಿ ಕೊಡುವಾಗ ನೋಂದಾಯಿತ ಫಾರ್ಮಸಿಸ್ಟ್ ಅಲ್ಲೇ ನಿಂತು ನೋಡಿಕೊಳ್ಳಬೇಕು, ಗೋಡೆಗೆ ಫ್ರೇಮ್ ನೇತುಹಾಕಿದರೆ ಸಾಲದು. ಮೊದಲು 500 ಗಂಟೆಯ ಪ್ರಾಕ್ಟಿಕಲ್ ತರಬೇತಿ ಮುಗಿಸಿ, ರಾಜ್ಯ ಫಾರ್ಮಸಿ ಕೌನ್ಸಿಲ್‌ನಲ್ಲಿ ಹೆಸರು ಹಚ್ಚಿಸಿ. ಸ್ವಂತ ಅಂಗಡಿಗೆ ಕನಿಷ್ಠ 10 ಚದರ ಮೀಟರ್ ಜಾಗ ಬೇಕು. ಬೆಂಗಳೂರಲ್ಲಿ ಅದರ ಅಡ್ವಾನ್ಸ್ ಕೇಳಿದರೆ ತಲೆ ತಿರುಗುತ್ತೆ, ಹಾಗಾಗಿ ಸದ್ಯಕ್ಕೆ ಒಳ್ಳೆ ಅಂಗಡಿ ನೋಡಿ ಕೆಲಸಕ್ಕೆ ಸೇರಿಕೊಳ್ಳಿ.