ಪಲ್ಲಾಡಿಯಂ ನಾಣ್ಯಕ್ಕೆ ಲೋಹದ ದರಕ್ಕಿಂತ ಕಡಿಮೆ ಬೆಲೆ ಹೇಳಿದ್ದೇಕೆ?

ನೀವು ಮಾರಲು ಹೋದ ಒಂದು ಔನ್ಸಿನ ಪಲ್ಲಾಡಿಯಂ ಮೇಪಲ್ ಲೀಫ್ (ಕೆನಡಾದ ಟಂಕಸಾಲೆಯ) ನಾಣ್ಯಕ್ಕೆ ವ್ಯಾಪಾರಿ ಆ ದಿನದ ಲೋಹದ ದರಕ್ಕಿಂತ ಬಹಳ ಕಡಿಮೆ ಹೇಳಿದ್ದಕ್ಕೆ, ನಾಣ್ಯದ ದೋಷಕ್ಕಿಂತ ಮಾರುಕಟ್ಟೆ ಚಿಕ್ಕದಾಗಿರುವುದೇ ಕಾರಣವಾಗಿರಬೇಕು. ಚಿನ್ನ ಬೆಳ್ಳಿಗಿರುವಷ್ಟು ಗಿರಾಕಿಗಳು ಇದಕ್ಕಿಲ್ಲದ್ದರಿಂದ, ಕೊಂಡ ನಾಣ್ಯ ಮತ್ತೆ ಮಾರಾಟವಾಗುವಷ್ಟರಲ್ಲಿ ದರ ಕುಸಿದೀತೆಂಬ ಅಂಜಿಕೆಯನ್ನೂ ವ್ಯಾಪಾರಿಗಳು ಬೆಲೆಯಲ್ಲೇ ಮುರಿದುಕೊಳ್ಳುತ್ತಾರೆ. ಈ ಲೋಹದ ಬೇಡಿಕೆ ಬಹುಪಾಲು ಪೆಟ್ರೋಲ್ ವಾಹನಗಳ ಹೊಗೆ ಶುದ್ಧೀಕರಿಸುವ ಸಾಧನಗಳನ್ನೇ ನೆಚ್ಚಿಕೊಂಡಿರುವುದರಿಂದ ಆ ಅಂಜಿಕೆ ಸುಳ್ಳೇನಲ್ಲ.

ಆದರೂ ನಾಣ್ಯದ ಅಸಲಿತನದ ಬಗ್ಗೆ ಆ ವ್ಯಾಪಾರಿಗೆ ಅನುಮಾನವಿತ್ತೇ ಎಂಬುದು ನಿಮ್ಮ ವಿವರಣೆಯಿಂದ ಸ್ಪಷ್ಟವಾಗುವುದಿಲ್ಲ. ಮೊದಲು ಅದನ್ನೇ ಕೇಳಿ. ನಾಣ್ಯ ಮೂಲ ಪೊಟ್ಟಣದಲ್ಲೇ ಇದ್ದರೆ ಬಿಚ್ಚಬೇಡಿ. ಬಿಡಿಯಾಗಿದ್ದರೆ, 0.01 ಗ್ರಾಂ ತೋರಿಸುವ ತಕ್ಕಡಿಯ ಮೇಲೆ ನೀರಿನ ಲೋಟವಿಟ್ಟು, ಅಂಕಿಯನ್ನು ಸೊನ್ನೆಗೆ ತಂದು, ನಾಣ್ಯವನ್ನು ತೆಳು ದಾರದಲ್ಲಿ ತಳ ಮುಟ್ಟದಂತೆ ಪೂರ್ತಿ ಮುಳುಗಿಸಿ. 31.1 ಗ್ರಾಂ ತೂಗುವ ನಾಣ್ಯಕ್ಕೆ ತಕ್ಕಡಿಯಲ್ಲಿ ಸುಮಾರು 2.59 ಗ್ರಾಂ ಬರಬೇಕು, 2.96ರ ಹತ್ತಿರ ಬಂದರೆ ಅದು ಬೆಳ್ಳಿಯಾಗಿರಬಹುದು. ಒರೆಸಲು ಹೋಗಿ ಉಜ್ಜಬೇಡಿ, ಗೀರು ಬಿದ್ದರೆ ಸಂಗ್ರಾಹಕರು ಕೊಡುವ ಹೆಚ್ಚುವರಿ ಬೆಲೆ ಹೋಯಿತೆಂದೇ ಲೆಕ್ಕ.

ಬಳಿಕ ಪಲ್ಲಾಡಿಯಂ ನಾಣ್ಯಗಳನ್ನು ತಾವೇ ಮಾರುವ ಮೂರ್ನಾಲ್ಕು ವ್ಯಾಪಾರಿಗಳಿಂದ, ಸಾಧ್ಯವಾದರೆ ಒಂದೇ ಗಂಟೆಯೊಳಗೆ, ಮರುಖರೀದಿ ದರ ಪಡೆದು, ಪ್ರತಿಯೊಂದೂ ಆ ಹೊತ್ತಿನ ಲೋಹದ ದರದ ಶೇಕಡಾ ಎಷ್ಟೆಂದು ಹೋಲಿಸಿ ನೋಡಿ.